ಮುಂದಿನ ಚೌಕ ಅರ್ಧ ಗಂಟೆ ಬಿಟ್ಟು

2013ರ ಮಾರ್ಚ್ 25ರಂದು ‘ಎಕ್ಸ್‌ಕೆಸಿಡಿ’ ಎಂಬ ವೆಬ್‌ಕಾಮಿಕ್‌ನಲ್ಲಿ ಒಂದೇ ಒಂದು ಚಿತ್ರ ಬಂತು. ನೀರಿನ ದಂಡೆ, ಮರಳಿನ ಮೇಲೆ ಕೂತ ಇಬ್ಬರು ಕಡ್ಡಿ ಮನುಷ್ಯರು. ಮಾತಿಲ್ಲ, ಚಟಾಕಿಯಿಲ್ಲ. ಹೆಸರು ‘ಟೈಮ್’. ವಾರಕ್ಕೆ ಮೂರು ದಿನ ಗಣಿತ, ಭೌತವಿಜ್ಞಾನ, ಕಂಪ್ಯೂಟರಿನ ಕುಚೋದ್ಯಕ್ಕೆ ಒಗ್ಗಿಹೋಗಿದ್ದ ಓದುಗರಲ್ಲಿ ಹಲವರಿಗೆ ಇದು ಸಪ್ಪೆ ಅನ್ನಿಸಿರಬೇಕು. ಅರ್ಧ ಗಂಟೆ ಬಿಟ್ಟು ಅದೇ ಪುಟ ತೆರೆದವರಿಗೆ ಚಿತ್ರ ತುಸು ಬದಲಾಗಿರುವುದು ಕಂಡಿತು. ಇನ್ನರ್ಧ ಗಂಟೆಗೆ ಇನ್ನೊಂದಿಷ್ಟು. ಇಬ್ಬರೂ ಎದ್ದು ಮರಳಿನ ಕೋಟೆ ಕಟ್ಟತೊಡಗಿದರು. ಕೋಟೆ ಬೆಳೆಯಿತು, ನೀರು ಏರಿತು, ಕೋಟೆಯ ಅಂಚು ಕರಗಿತು. ಅವರು ಮತ್ತೆ ಕಟ್ಟಿದರು.

ಮೊದಲ ಕೆಲವು ದಿನ ಅರ್ಧ ಗಂಟೆಗೊಂದು ಚಿತ್ರ, ಆಮೇಲೆ ಗಂಟೆಗೊಂದು. ನಾಲ್ಕು ತಿಂಗಳು ಹೀಗೇ ನಡೆದು ಜುಲೈ 26ಕ್ಕೆ ಕಥೆ ಮುಗಿಯುವ ಹೊತ್ತಿಗೆ ಒಟ್ಟು 3,099 ಚಿತ್ರಗಳು ಬಂದಿದ್ದವು. ನೀರು ಯಾಕೆ ಏರುತ್ತಿದೆ ಎಂದು ತಿಳಿಯಲು ಆ ಇಬ್ಬರು ದಂಡೆ ಬಿಟ್ಟು ಹೊರಡುತ್ತಾರೆ, ಬೆಟ್ಟ ಹತ್ತುತ್ತಾರೆ, ಭಾಷೆ ತಿಳಿಯದ ಜನರನ್ನು ಭೇಟಿಯಾಗುತ್ತಾರೆ. ನಡುವೆ ಒಂದು ರಾತ್ರಿ ಬರುತ್ತದೆ. ಆಕಾಶದ ನಕ್ಷತ್ರಗಳ ಸ್ಥಾನ ಲೆಕ್ಕ ಹಾಕಿದ ಓದುಗರು ಇದು ಸುಮಾರು 11,000 ವರ್ಷ ಮುಂದಿನ ಭೂಮಿ ಎಂದು ಹೇಳಿದರು. ಲೆಕ್ಕ ಸರಿಯಾಗಿತ್ತು. ಒಣಗಿಹೋದ ಮೆಡಿಟರೇನಿಯನ್ ಪಾತ್ರಕ್ಕೆ ಮತ್ತೆ ಸಮುದ್ರ ನುಗ್ಗುತ್ತಿರುವ ಕಥೆ ಅದು. ಇಂಥದ್ದು ನಿಜವಾಗಿಯೂ ಒಮ್ಮೆ ನಡೆದಿದೆ, ಸುಮಾರು 53 ಲಕ್ಷ ವರ್ಷಗಳ ಹಿಂದೆ, ಅಟ್ಲಾಂಟಿಕ್‌ನ ನೀರು ಜಿಬ್ರಾಲ್ಟರ್ ಕಡೆಯಿಂದ ಒಳಬಂದಾಗ, ಎನ್ನುತ್ತಾರೆ ಭೂವಿಜ್ಞಾನಿಗಳು. ಹಿಂದೆ ನಾಸಾಕ್ಕಾಗಿ ರೋಬಾಟ್‌ಗಳ ಮೇಲೆ ಕೆಲಸ ಮಾಡುತ್ತಿದ್ದ, ಈ ವೆಬ್‌ಕಾಮಿಕ್‌ನ ಕರ್ತೃ ರ್‍ಯಾಂಡಲ್ ಮನ್ರೋ ಈ ಭೂಗೋಳವನ್ನೆಲ್ಲ ಮೊದಲೇ ವಿವರಿಸದೆ ಕಡ್ಡಿ ಮನುಷ್ಯರ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ತೋರಿಸಿದರು. ‘ಟೈಮ್’ಗೆ ಮರುವರ್ಷ ಹ್ಯೂಗೋ ಪ್ರಶಸ್ತಿ ಬಂತು.

ಇವತ್ತು ಆ 3,099 ಚಿತ್ರಗಳನ್ನೂ ಒಟ್ಟಿಗೆ ಓಡಿಸಿ ಕಾಫಿ ಕುಡಿದು ಮುಗಿಸುವುದರೊಳಗೆ ನೋಡಿಬಿಡಬಹುದು. ಚೆನ್ನಾಗಿದೆ ಅನ್ನಿಸುತ್ತದೆ, ಅಷ್ಟೇ. 2013ರಲ್ಲಿ ಕಾದು ನೋಡಿದವರಿಗೆ ಸಿಕ್ಕಿದ್ದು ಬೇರೆಯೇ ವಸ್ತು. ಅವರಲ್ಲಿ ಒಂದು ಗುಂಪು ಎರಡು ಚಿತ್ರಗಳ ನಡುವಿನ ಹೊತ್ತಿಗೆ ‘ನ್ಯೂಪಿಕ್ಸ್’ ಎಂದು ಹೆಸರಿಟ್ಟು, ಊಟಕ್ಕೆ ಎಷ್ಟು ನ್ಯೂಪಿಕ್ಸ್, ನಿದ್ದೆಗೆ ಎಷ್ಟು ಎಂದು ದಿನವನ್ನೇ ಅದರಲ್ಲಿ ಅಳೆಯತೊಡಗಿತ್ತು.

ಧಾರಾವಾಹಿ ವೆಬ್‌ಕಾಮಿಕ್‌ನಲ್ಲಿ ಪ್ರಯೋಗ ಎಂದಾಗ ಸಾಮಾನ್ಯವಾಗಿ ತಲೆಗೆ ಬರುವುದು ಅಲುಗಾಡುವ ಚಿತ್ರ, ಹಿನ್ನೆಲೆ ಸಂಗೀತ, ಒತ್ತಿದರೆ ತೆರೆಯುವ ಬಾಗಿಲು. ಅವೆಲ್ಲ ಇರಲಿ. ಇಷ್ಟು ವರ್ಷಗಳ ಈ ಕಲೆಯ ಗೆಲುವು ಸೋಲುಗಳನ್ನು ನೋಡುತ್ತ ಬಂದರೆ ನನಗೆ ಕಾಣುವುದು ಇಷ್ಟು: ಉಳಿದುಕೊಂಡ ಪ್ರಯೋಗಗಳೆಲ್ಲ ಓದುಗರ ಹೊತ್ತಿನ ಜೊತೆ ಆಡಿದಂಥವು. ಚೌಕದಿಂದ ಚೌಕಕ್ಕೆ, ಕಂತಿನಿಂದ ಕಂತಿಗೆ ಓದುಗರು ಎಷ್ಟು ಕಾಯುತ್ತಾರೆ, ಆ ಕಾಯುವಿಕೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನೇ ಕಥೆಯ ಸಾಮಗ್ರಿ ಮಾಡಿಕೊಂಡಂಥವು. ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಮುಂದಿನ ಸಂಚಿಕೆಯ ಡಿಂಗನಿಗಾಗಿ ಅಂಗಡಿಯವರ ತಲೆ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿದ್ಧಾಂತ ಒಂದು ಕಡೆ, ಬಳಕೆ ಇನ್ನೊಂದು ಕಡೆ

ಕಾಮಿಕ್ಸ್‌ನಲ್ಲಿ ಎರಡು ಚೌಕಗಳ ನಡುವಿನ ಖಾಲಿ ಪಟ್ಟಿಯಲ್ಲೇ ಅರ್ಧ ಕಥೆ ನಡೆಯುತ್ತದೆ ಎಂದು ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಪುಸ್ತಕದಲ್ಲಿ ಕಾಮಿಕ್ಸ್ ರೂಪದಲ್ಲೇ ವಿವರಿಸಿದ್ದರು. ಮೊದಲ ಚೌಕದಲ್ಲಿ ಎತ್ತಿದ ಕೊಡಲಿ, ಎರಡನೆಯದರಲ್ಲಿ ಬರೀ ಚೀತ್ಕಾರ. ಕೊಡಲಿ ಬೀಸಿದ್ದು ಓದುಗರೇ. 2000ದಲ್ಲಿ ಬಂದ ‘ರೀಇನ್ವೆಂಟಿಂಗ್ ಕಾಮಿಕ್ಸ್’ನಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಂಪ್ಯೂಟರಿನ ಪರದೆಯನ್ನು ಪುಟ ಎಂದುಕೊಳ್ಳುವುದೇಕೆ? ಅದು ಕಿಟಕಿ. ಕಿಟಕಿಯಾಚೆ ಕ್ಯಾನ್ವಾಸ್ ಎಷ್ಟು ದೊಡ್ಡದಾದರೂ ಇರಬಹುದು, ಚೌಕಗಳು ಕೆಳಗೂ ಪಕ್ಕಕ್ಕೂ ಎಲ್ಲಿಯವರೆಗಾದರೂ ಹರಿಯಬಹುದು. ಈ ‘ಕೊನೆಯಿಲ್ಲದ ಕ್ಯಾನ್ವಾಸ್’ ಕಲ್ಪನೆ ಕಾಮಿಕ್ಸ್ ಬಳಗದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು.

ಮೆಕ್‌ಕ್ಲೌಡ್ ಮಾತಾಡಿ ಸುಮ್ಮನಿರಲಿಲ್ಲ. 2003ರಲ್ಲಿ ‘ದಿ ರೈಟ್ ನಂಬರ್’ ಎಂಬ ಕಾಮಿಕ್ ಶುರು ಮಾಡಿದರು. ಅದರಲ್ಲಿ ಪ್ರತಿ ಚೌಕದ ನಟ್ಟನಡುವೆ ಮುಂದಿನ ಚೌಕ ಪುಟ್ಟದಾಗಿ ಕೂತಿರುತ್ತಿತ್ತು; ಒತ್ತಿದರೆ ಅದು ಹಿಗ್ಗಿ ಹಳೆಯದನ್ನು ನುಂಗುತ್ತಿತ್ತು. ಭಾಗವೊಂದಕ್ಕೆ 25 ಸೆಂಟ್, ‘ಬಿಟ್‌ಪಾಸ್’ ಎಂಬ ಕಿರುಪಾವತಿ ವ್ಯವಸ್ಥೆಯ ಮೂಲಕ. ಮೂರು ಭಾಗ ಎಂದು ಹೊರಟದ್ದು ಎರಡಕ್ಕೆ ನಿಂತಿತು, 2007ರಲ್ಲಿ ಬಿಟ್‌ಪಾಸ್ ಕೂಡ ಮುಚ್ಚಿತು. ಈ ಸೋಲನ್ನು ಹಣ ಪಾವತಿಯ ಲೆಕ್ಕಕ್ಕೆ ಹಾಕುವವರೇ ಹೆಚ್ಚು. ನನಗೆ ಅನುಮಾನ ಇರುವುದು ಆ ಹಿಗ್ಗುವ ಚೌಕದ ಮೇಲೆ. ಅಲ್ಲಿ ಎಲ್ಲ ಚೌಕಗಳ ನಡುವೆಯೂ ಒಂದೇ ದೂರ, ಒಂದೇ ವೇಗ. ನೋಡಲು ಸೊಗಸು, ಆದರೆ ಓದುಗರ ಉಸಿರು ಹಿಡಿಸುವುದಕ್ಕಾಗಲಿ ಬಿಡಿಸುವುದಕ್ಕಾಗಲಿ ಅಲ್ಲಿ ಜಾಗವೇ ಇರಲಿಲ್ಲ.

ಕೊನೆಯಿಲ್ಲದ ಕ್ಯಾನ್ವಾಸ್ ನಿಜವಾಗಿ ಚಾಲ್ತಿಗೆ ಬಂದದ್ದು ದಕ್ಷಿಣ ಕೊರಿಯಾದಲ್ಲಿ, ಅದೂ ಯಾವ ಸಿದ್ಧಾಂತದ ಹಂಗಿಲ್ಲದೆ. 1997ರ ಆರ್ಥಿಕ ಬಿಕ್ಕಟ್ಟಿಗೆ ಸಿಕ್ಕಿ ಅಲ್ಲಿನ ಕಾಮಿಕ್ಸ್ ಪತ್ರಿಕೆಗಳು ಸೊರಗಿದ್ದವು. ಅದೇ ಹೊತ್ತಿಗೆ ಬ್ರಾಡ್‌ಬ್ಯಾಂಡ್ ಮನೆಮನೆಗೆ ಬಂತು. 2003ರಲ್ಲಿ ಡೌಮ್, ಅದರ ಬೆನ್ನಿಗೇ ನೇವರ್ ಎಂಬ ಪೋರ್ಟಲ್‌ಗಳು ತಮ್ಮಲ್ಲಿಗೆ ಜನ ದಿನಾ ಬರಲಿ ಎಂದು ಕಾಮಿಕ್ಸ್ ಹಾಕತೊಡಗಿದವು. ಕಾಂಗ್ ಫುಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಯುವಕನೊಬ್ಬ ಡೌಮ್‌ನಲ್ಲಿ ‘ಸುನ್‌ಜಂಗ್ ಮನ್‌ಹ್ವಾ’ ಎಂಬ ಪ್ರೇಮಕಥೆಯನ್ನು ಕಂತುಕಂತಾಗಿ ಬರೆದ. ಚಿತ್ರಗಾರಿಕೆ ಅಷ್ಟಕ್ಕಷ್ಟೇ. ಆದರೆ ಪುಟದ ಲೆಕ್ಕ ಬಿಟ್ಟು ಚೌಕಗಳನ್ನು ಒಂದರ ಕೆಳಗೊಂದು ನೇತುಹಾಕಿದ, ಮೌಸ್‌ನ ಚಕ್ರ ತಿರುಗಿಸಿದರೆ ಓದು ಸಾಗುವಂತೆ. ಹಾಗೆ ಮಾಡಿದಾಗ ಒಂದು ಸಂಗತಿ ಕೈಗೆ ಸಿಕ್ಕಿತು. ಚೌಕಗಳ ನಡುವಿನ ಅಂತರವೇ ಸಮಯ. ಹುಡುಗ ಮಾತಾಡಲು ಹಿಂಜರಿದರೆ ಬರೀ ಬಿಳಿ ಜಾಗ ಬಿಟ್ಟರಾಯಿತು. ಬೆರಳು ಅಷ್ಟು ದೂರ ಹೋಗುವವರೆಗೆ ಓದುಗರೂ ಅವನ ಜೊತೆ ಹಿಂಜರಿಯುತ್ತಾರೆ. ಮುದ್ರಿತ ಪುಟದಲ್ಲಿ ಅಷ್ಟು ಖಾಲಿ ಬಿಟ್ಟರೆ ಕಾಗದ ದಂಡ ಎಂದು ಸಂಪಾದಕರು ಬೈಯುತ್ತಾರೆ. ಪರದೆಯಲ್ಲಿ ಕೆಳಮುಖದ ಜಾಗಕ್ಕೆ ಕಾಸಿಲ್ಲ.

2009ರ ಕೊನೆಗೆ ಐಫೋನ್ ಕೊರಿಯಾಕ್ಕೆ ಬಂದಾಗ, ಮೌಸ್‌ಗಾಗಿ ಹುಟ್ಟಿದ, ‘ವೆಬ್‌ಟೂನ್’ ಎಂದು ಹೆಸರಾದ ಈ ಪದ್ಧತಿ ಹೆಬ್ಬೆರಳಿಗೂ ಹೇಳಿ ಮಾಡಿಸಿದಂತೆ ಹೊಂದಿಕೊಂಡಿತು. ಮುಂದಿನದ್ದು ಗೊತ್ತೇ ಇದೆ. ಅದೇ ಕಾಂಗ್ ಫುಲ್ ಬರೆದ ‘ಮೂವಿಂಗ್’ 2023ರಲ್ಲಿ ಡಿಸ್ನಿ ಪ್ಲಸ್‌ನ ಸರಣಿಯಾಯಿತು, ಚಿತ್ರಕಥೆಯೂ ಅವರದೇ.

ಅಂತರದ ಈ ಆಟವನ್ನು ತುದಿ ಮುಟ್ಟಿಸಿದ್ದು 2011ರಲ್ಲಿ ಹೊರಾಂಗ್ ಎಂಬ ಕಲಾವಿದ ನೇವರ್‌ಗಾಗಿ ಮಾಡಿದ ‘ಬೊಂಗ್‌ಚಿಯೊನ್‌ಡೊಂಗ್ ದೆವ್ವ’. ರಾತ್ರಿ ಒಂಟಿಯಾಗಿ ಮನೆಗೆ ನಡೆದು ಬರುವ ಹುಡುಗಿ, ಮುಂದೆ ವಕ್ರವಾಗಿ ನಡೆಯುತ್ತಿರುವ ಒಬ್ಬ ಹೆಂಗಸು. ಬಹುಪಾಲು ಮಾಮೂಲಿ ವೆಬ್‌ಟೂನ್. ಓದುಗರು ನಿಧಾನವಾಗಿ ಕೆಳಗೆ ಸರಿಸುತ್ತ ಹೋಗುತ್ತಾರೆ, ವೇಗದ ಹಿಡಿತ ತಮ್ಮ ಕೈಯಲ್ಲೇ ಇದೆ ಎಂಬ ಧೈರ್ಯದಲ್ಲಿ. ಒಂದು ಹಂತದಲ್ಲಿ ಪುಟ ಆ ಹಿಡಿತವನ್ನು ಕಿತ್ತುಕೊಂಡು ತಾನೇ ಸರ್ರನೆ ಸರಿಯುತ್ತದೆ, ಹೆಂಗಸು ತಲೆ ತಿರುಗಿಸುತ್ತಾಳೆ. ಇಡೀ ಕಂತಿನಲ್ಲಿ ಈ ತಂತ್ರ ಬರುವುದು ಬೆರಳೆಣಿಕೆಯಷ್ಟು ಸಲ. ಕೊರಿಯನ್ ಬಾರದವರೂ ಅದನ್ನು ನೋಡಿ ಕುರ್ಚಿಯಿಂದ ಹಾರಿದರು. ಅದರ ನಕಲುಗಳು ಬೇಕಾದಷ್ಟು ಬಂದವು, ಎಲ್ಲ ಚೌಕಗಳೂ ಕುಣಿಯುವಂಥವು. ಅವುಗಳಲ್ಲಿ ಒಂದರ ಹೆಸರೂ ಈಗ ನೆನಪಿಗೆ ಬರುವುದಿಲ್ಲ.

ಓದುಗರ ಕೈಗೆ ಲಗಾಮು

ಆಂಡ್ರ್ಯೂ ಹಸ್ಸಿ ಅವರ ‘ಹೋಮ್‌ಸ್ಟಕ್’ ಬಗ್ಗೆ ಬರೆಯದೆ ಈ ವಿಷಯ ಮುಗಿಯದು, ಬರೆಯಲು ಹೊರಟರೆ ಅದೊಂದೇ ಲೇಖನ ನುಂಗಿಬಿಡುತ್ತದೆ. 2009ರ ಏಪ್ರಿಲ್ 10ರಂದು ಹಸ್ಸಿ ಅದನ್ನು ಪೂರ್ತಿ ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಲು ಶುರುಮಾಡಿದರು. ಒಂದೊಂದು ಪುಟಕ್ಕೂ ಹಿಡಿಯುವ ಶ್ರಮ ನೋಡಿ ಮೂರೇ ದಿನಕ್ಕೆ ಅದನ್ನು ಕೈಬಿಟ್ಟು, ಏಪ್ರಿಲ್ 13ರಂದು ಸರಳವಾದ ಚಿತ್ರ ಮತ್ತು ಪಠ್ಯದೊಂದಿಗೆ ಮೊದಲಿನಿಂದ ಶುರುಮಾಡಿದರು. ಫ್ಲ್ಯಾಶ್ ಅನ್ನು ತೀರಾ ಬೇಕಾದ ಘಟ್ಟಗಳಿಗೆ ಮಾತ್ರ ಇಟ್ಟುಕೊಂಡರು. ಈ ಮೂರು ದಿನದ ಹಿಂಜರಿತವೇ ಏಳು ವರ್ಷದ ಕೆಲಸವನ್ನು ಸಾಧ್ಯವಾಗಿಸಿತು ಎಂದು ನನ್ನ ನಂಬಿಕೆ.

ಕಥೆ ತೆರೆದುಕೊಳ್ಳುವುದು ಹೀಗೆ. ಒಬ್ಬ ಹುಡುಗ ತನ್ನ ಕೋಣೆಯಲ್ಲಿ ನಿಂತಿದ್ದಾನೆ, ಇವತ್ತು ಅವನ ಹದಿಮೂರನೇ ಹುಟ್ಟುಹಬ್ಬ, ಅವನಿಗೊಂದು ಹೆಸರಿಡಬೇಕು. ಮೊದಲು ಬರುವುದು ಪೋಲಿ ಹುಡುಗರು ಇಡುವಂಥ ಒಂದು ಹೊಲಸು ಹೆಸರು. ಹುಡುಗ ಮುಖ ಸಿಂಡರಿಸಿ ಅದನ್ನು ತಳ್ಳಿಹಾಕುತ್ತಾನೆ, ಆಮೇಲೆ ಸರಿಯಾದ ಹೆಸರು ಬರುತ್ತದೆ. ಹಳೆಯ ಕಂಪ್ಯೂಟರ್ ಆಟಗಳಲ್ಲಿ ಆಜ್ಞೆ ಟೈಪ್ ಮಾಡುತ್ತಿದ್ದಂತೆ ಓದುಗರು ಮುಂದೇನು ಮಾಡಬೇಕೆಂದು ಸೂಚಿಸುತ್ತಿದ್ದರು, ಹಸ್ಸಿ ಅದರಲ್ಲಿ ಒಂದನ್ನು ಆರಿಸಿ ಚಿತ್ರಿಸುತ್ತಿದ್ದರು. ಕಂತುಗಳ ನಡುವಿನ ಬಿಡುವಿನಲ್ಲಿ ಓದುಗರು ಕೈಕಟ್ಟಿ ಕೂರಬೇಕಾಗಿರಲಿಲ್ಲ.

ಓದುಗರು ಸಾವಿರಗಟ್ಟಲೆಯಾದಾಗ ಈ ಪದ್ಧತಿ ಕುಸಿಯಿತು. ಯಾವ ಸೂಚನೆ ಬೇಕಾದರೂ ಬಂದೇ ಬರುತ್ತದೆ ಎಂದಾದ ಮೇಲೆ ಆರಿಸುವುದಕ್ಕೂ ತಾವೇ ಬರೆಯುವುದಕ್ಕೂ ಏನು ವ್ಯತ್ಯಾಸ? ಹಸ್ಸಿ ನೇರ ಸೂಚನೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು, ಆದರೆ ಓದುಗರ ಗುಂಪುಗಳಲ್ಲಿ ಹುಟ್ಟಿದ ತಮಾಷೆ, ಊಹೆ, ಸಂಗೀತವನ್ನು ಕಥೆಯೊಳಗೆ ಎಳೆದುಕೊಳ್ಳುವುದನ್ನು ಬಿಡಲಿಲ್ಲ. 2016ರ ಏಪ್ರಿಲ್ 13ಕ್ಕೆ ಮುಗಿದಾಗ ಅದು 8,000 ಪುಟ ದಾಟಿತ್ತು. ನಡುನಡುವೆ ಆಡಬಹುದಾದ ಆಟಗಳಿದ್ದವು, ನಿಮಿಷಗಟ್ಟಲೆ ಓಡುವ ಅನಿಮೇಶನ್‌ಗಳಿದ್ದವು, ಪುಟ ತುಂಬ ಹರಟೆಯ ಪಠ್ಯವಿತ್ತು. ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಕೊನೆಯ ಭಾಗಗಳಲ್ಲಿ ತಿಂಗಳುಗಟ್ಟಲೆ ಬಿಡುವು ಬಿದ್ದು, ಕಾಯುವ ಸುಖ ಕಾಯುವ ಸಿಟ್ಟಾಗಿ ತಿರುಗಿತ್ತು. ಒಂದು ಕಂತಿಗೆ ಓದುಗರು ಎಷ್ಟು ತಾಳುತ್ತಾರೆ ಎಂಬ ಲೆಕ್ಕ ತಪ್ಪಿದರೆ ಎಂಥ ಪ್ರಯೋಗವೂ ತಡೆಯದು.

ಇನ್ನೊಂದು ಪೆಟ್ಟು ಹೊರಗಿನಿಂದ ಬಂತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, ಬ್ರೌಸರ್‌ಗಳು ಅದನ್ನು ಕಿತ್ತುಹಾಕಿದವು. ಹೋಮ್‌ಸ್ಟಕ್‌ನ ಮುಖ್ಯ ಘಟ್ಟಗಳು ಯಾವುದರಲ್ಲಿದ್ದವೋ ಅದೇ ಓಡದಂತಾಯಿತು. ಅಭಿಮಾನಿಗಳು ಸೇರಿ ಇಡೀ ಕೃತಿಯನ್ನು ಹಳೆಯ ರೂಪದಲ್ಲೇ ಓದಬಲ್ಲ ಒಂದು ಸಂಗ್ರಹ ಕಟ್ಟಿ ಉಳಿಸಿಕೊಂಡರು. ಎಲ್ಲರಿಗೂ ಅಂಥ ಅಭಿಮಾನಿಗಳು ಸಿಗುವುದಿಲ್ಲ. ಆ ದಶಕದ ಎಷ್ಟೋ ಫ್ಲ್ಯಾಶ್ ಕಾಮಿಕ್ಸ್ ಹೇಳಹೆಸರಿಲ್ಲದೆ ಹೋದವು. ಮನ್ರೋ ಬಳಸಿದ್ದು ಸಾದಾ ಚಿತ್ರದ ಕಡತ, ಬದಲಾಯಿಸುವ ಒಂದು ಗಡಿಯಾರ; ಆ ಚಿತ್ರಗಳು ಇವತ್ತಿಗೂ ತೆರೆದುಕೊಳ್ಳುತ್ತವೆ.

ಕಟ್ಟು ಹಾಕಿಕೊಂಡವರು

ಇವೆಲ್ಲಕ್ಕೂ ತದ್ವಿರುದ್ಧವಾದ ಒಂದು ಪ್ರಯೋಗ 2003ರ ಫೆಬ್ರವರಿ 1ರಿಂದ ನಡೆಯುತ್ತ ಬಂದಿದೆ. ಕೆನಡಾದ ರಯನ್ ನಾರ್ತ್ ಅವರ ‘ಡೈನೊಸಾರ್ ಕಾಮಿಕ್ಸ್’ನಲ್ಲಿ ಆರು ಚೌಕ. ರೆಡಿಮೇಡ್ ಕ್ಲಿಪ್ ಆರ್ಟ್‌ನಿಂದ ತೆಗೆದ ಒಂದು ಟಿ-ರೆಕ್ಸ್, ಅದರ ಇಬ್ಬರು ಸಂಗಾತಿಗಳು, ಕಾಲಡಿಗೆ ಒಂದು ಪುಟ್ಟ ಮನೆ. ಈ ಚಿತ್ರಗಳು ಅಪರೂಪಕ್ಕೆ ಬಿಟ್ಟರೆ ಇಷ್ಟು ವರ್ಷವೂ ಬದಲಾಗಿಲ್ಲ. ಬದಲಾಗುವುದು ಮಾತು ಮಾತ್ರ. ಮೂರನೇ ಚೌಕದಲ್ಲಿ ಮನೆಯ ಮೇಲೆ ಕಾಲು ಎತ್ತಲೇಬೇಕು, ಅಲ್ಲಿಗೆ ಮಾತು ಏನೇ ಇದ್ದರೂ ಅದಕ್ಕೆ ಹೊಂದಬೇಕು. ಭಾಮಿನಿ ಷಟ್ಪದಿಯ ಆರು ಸಾಲಿನ ಕಟ್ಟಿನೊಳಗೆ, ಮೂರನೆಯದು ಆರನೆಯದು ಉದ್ದ ಎಂಬ ಬಿಗಿಯೊಳಗೆ ಕುಮಾರವ್ಯಾಸ ಯುದ್ಧವನ್ನೂ ಜೂಜನ್ನೂ ಬೈಗುಳವನ್ನೂ ಹರಿಸಿದ ಹಾಗೆ, ಕಟ್ಟು ಗೊತ್ತಿದ್ದಷ್ಟೂ ಅದರೊಳಗಿನ ಚಲನೆ ಎದ್ದು ಕಾಣುತ್ತದೆ. ಚಿತ್ರ ಬಿಡಿಸಲು ಬಾರದು ಎಂದು ನಾರ್ತ್ ತಾವೇ ಹೇಳಿಕೊಂಡವರು. ಬಾರದ ಕೆಲಸವನ್ನು ಒಮ್ಮೆ ಮಾಡಿ ಮುಗಿಸಿ, ಬರುವ ಕೆಲಸವನ್ನು ದಿನಾ ಮಾಡಿದರು.

ಹೊಸದಾಗಿ ಧಾರಾವಾಹಿ ಶುರುಮಾಡುವವರು ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡಲು ಹೋಗಿ ಐದನೇ ಕಂತಿಗೆ ಸುಸ್ತಾಗುವುದುಂಟು. ಒಂದು ಕಂತಿನಲ್ಲಿ ಒಂದನ್ನು ಬದಲಾಯಿಸಿ, ಉಳಿದದ್ದನ್ನು ಹಿಡಿದಿಟ್ಟುಕೊಳ್ಳಿ ಎನ್ನುವುದು ಈ ಕಸುಬಿನವರ ಮಾತು. ಬಣ್ಣ ಬಿಟ್ಟು ನೋಡಬೇಕೇ? ಚೌಕದ ಅಳತೆಯನ್ನು ಹಾಗೇ ಇಡಿ. ಮಾತಿಲ್ಲದ ಕಂತು ಬೇಕೇ? ಓದುಗರಿಗೆ ಪರಿಚಯವಾದ ಪಾತ್ರವನ್ನೇ ಅದಕ್ಕೆ ಬಳಸಿ. ಇನ್ನೊಂದು, ನಾಲ್ಕೈದು ಕಂತುಗಳನ್ನಾದರೂ ಮುಂಗಡ ಮಾಡಿಟ್ಟುಕೊಳ್ಳುವುದು. ಇದು ಬರೀ ಜ್ವರ ಬಂದ ವಾರಕ್ಕಾಗಿ ಅಂದುಕೊಂಡರೆ ಅರ್ಧ ಸರಿ. ಕೈಯಲ್ಲಿ ದಾಸ್ತಾನಿದ್ದವರಿಗಷ್ಟೇ ಒಂದು ಕಂತನ್ನು ಕೆಡಿಸಿ ನೋಡುವ ಧೈರ್ಯ ಬರುತ್ತದೆ. ಕೊರಿಯಾದ ದೊಡ್ಡ ವೇದಿಕೆಗಳಲ್ಲಿ ವಾರಕ್ಕೆ ಐವತ್ತು ಅರವತ್ತು ಬಣ್ಣದ ಚೌಕ ಕೊಡಬೇಕಾದ ಕಲಾವಿದರಿಗೆ ಆ ಅವಕಾಶ ಕಡಿಮೆ. ಸಹಾಯಕರನ್ನಿಟ್ಟುಕೊಂಡು, ಸಿದ್ಧ ಹಿನ್ನೆಲೆ ಕೂಡಿಸಿ, ಗೆದ್ದ ಅಚ್ಚನ್ನೇ ಮತ್ತೆ ಒತ್ತುತ್ತಾರೆ. ಪ್ರಯೋಗದಿಂದಲೇ ಹುಟ್ಟಿದ ರೂಪ ಇಷ್ಟು ಬೇಗ ಕಾರ್ಖಾನೆಯಾದದ್ದು ನೋಡಿದರೆ ಬೇಸರವಾಗುತ್ತದೆ.

ಮೊದಲ ಕಂತುಗಳನ್ನು ಮತ್ತೆ ಬಿಡಿಸಬೇಕೆಂಬ ಆಸೆಯೂ ಎಲ್ಲರಿಗೂ ಬರುತ್ತದೆ; ಬಿಡಿಸದಿರುವುದೇ ಮೇಲು. ಬ್ರಿಟನ್ನಿನ ಟಾಮ್ ಸಿಡೆಲ್ 2005ರಲ್ಲಿ ಆರಂಭಿಸಿದ ‘ಗನ್ನರ್‌ಕ್ರಿಗ್ ಕೋರ್ಟ್’ನ ಮೊದಲ ಅಧ್ಯಾಯದಲ್ಲಿ ತಲೆಗಳು ಮೈಯ ಅಳತೆಗೆ ದೊಡ್ಡವು, ಗೆರೆ ಬಿಗಿ. ಮುಂದೆ ಹೋದಂತೆ ಕೈ ಪಳಗಿದ್ದು ಕಣ್ಣಿಗೆ ಕಾಣುತ್ತದೆ. ಹೊಸ ಓದುಗರು ಈಗಲೂ ಆ ಮೊದಲ ಅಧ್ಯಾಯದಿಂದಲೇ ಹೊರಡುತ್ತಾರೆ, ಪಾತ್ರ ಬೆಳೆಯುವುದರ ಜೊತೆಗೆ ಕೈ ಬೆಳೆಯುವುದನ್ನೂ ಓದುತ್ತಾರೆ. ಪುಸ್ತಕದಲ್ಲಿ ಸಿಗದ ಸುಖ ಇದು.

ಒತ್ತಕ್ಷರ ಮತ್ತು ಹೆಬ್ಬೆರಳು

ಇನ್ನು ಕನ್ನಡದಲ್ಲಿ ಇದನ್ನು ಮಾಡಲು ಕೂತರೆ ಮೊದಲು ಎದುರಾಗುವುದು ಕಥೆಯಲ್ಲ, ಮಾತಿನ ಬಲೂನು. ಇಂಗ್ಲಿಷ್ ಕಾಮಿಕ್ಸ್‌ನ ಮಾತೆಲ್ಲ ಸಾಮಾನ್ಯವಾಗಿ ದೊಡ್ಡಕ್ಷರಗಳಲ್ಲಿರುತ್ತದೆ. ಎಲ್ಲ ಅಕ್ಷರಗಳೂ ಒಂದೇ ಎತ್ತರ, ಸಾಲುಗಳನ್ನು ಇಟ್ಟಿಗೆಯಂತೆ ಒತ್ತೊತ್ತಾಗಿ ಪೇರಿಸಬಹುದು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಒಂದು ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲದಿರಬೇಕಾದರೆ ಸಾಲುಗಳ ನಡುವೆ ಜಾಗ ಬಿಡಲೇಬೇಕು. ಇಂಗ್ಲಿಷಿನ ಮೂರು ಸಾಲು ಹಿಡಿಯುವ ಬಲೂನಿನಲ್ಲಿ ನಮ್ಮ ಎರಡೇ ಸಾಲು ನೆಮ್ಮದಿಯಾಗಿ ಕೂರುತ್ತವೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕಾಮಿಕ್ಸ್‌ನಲ್ಲಿ ಅಕ್ಷರಗಳು ಇರುವೆಯಂತೆ ಕಾಣುವುದು ಇದಕ್ಕೇ: ಬಲೂನು ಅವರ ಅಳತೆಯದು, ಮಾತು ನಮ್ಮದು.

ತಂತ್ರಾಂಶದ ಕಾಟ ಬೇರೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದರೆ, ಸೆಟ್ಟಿಂಗ್ಸ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಹುಡುಕಿ ಒತ್ತುವವರೆಗೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ಅದು ಗೊತ್ತಿಲ್ಲದೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಮರಳಿದವರು ಎಷ್ಟೋ ಮಂದಿ. ಉಚಿತವಾಗಿ ಸಿಗುವ ‘ಬಾಲೂ ತಮ್ಮ’ದಂಥ ದಪ್ಪ ಫಾಂಟುಗಳು ‘ಢಮ್’, ‘ಚಟ್’, ‘ದೊಪ್’ಗಳಿಗೆ ಚೆನ್ನ, ಮಾತಿಗೆ ಭಾರ. ಬಲೂನಿನ ಮಾತನ್ನು ಕೈಯಲ್ಲೇ ಬರೆದು ಸ್ಕ್ಯಾನ್ ಮಾಡುವುದು ನನಗೆ ಈಗಲೂ ಹೆಚ್ಚು ಇಷ್ಟ. ಕೈಬರಹದಲ್ಲಿ ಒತ್ತಕ್ಷರವನ್ನು ಚಿಕ್ಕದು ಮಾಡಬಹುದು, ಪಕ್ಕದ ಅಕ್ಷರದ ಹೊಟ್ಟೆಯಡಿ ಸರಿಸಬಹುದು.

ಇಲ್ಲೇ ಒಂದು ಸೋಜಿಗವಿದೆ. ಪಾತ್ರಗಳು ಪುಸ್ತಕದ ಕನ್ನಡ ಬಿಟ್ಟು ಆಡುಮಾತು ಆಡಲಿ ಎಂದುಕೊಳ್ಳಿ. ‘ಹೋಗಬೇಕು’ ಎನ್ನುವುದು ‘ಹೋಗ್ಬೇಕು’ ಆಗುತ್ತದೆ, ‘ನೋಡಿಕೊಂಡು’ ಎನ್ನುವುದು ‘ನೋಡ್ಕೊಂಡು’ ಆಗುತ್ತದೆ. ಅಗಲ ಇಳಿಯಿತು, ಎತ್ತರ ಏರಿತು, ಏಕೆಂದರೆ ನುಂಗಿದ ಸ್ವರದ ಜಾಗದಲ್ಲಿ ಒಂದು ಒತ್ತು ಕೆಳಗೆ ಇಳಿದು ಕೂತಿತು. ಮುದ್ರಿತ ಪುಟಕ್ಕೆ ಇದು ತಲೆನೋವು, ಅಲ್ಲಿ ಎತ್ತರಕ್ಕೂ ಕಾಸು. ಮೊಬೈಲಿನ ಉದ್ದನೆಯ ಸ್ಕ್ರೋಲ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಕೊರತೆ ಇರುವುದು ಅಗಲಕ್ಕೆ, ಎತ್ತರ ಬಿಟ್ಟಿ. ಧಾರವಾಡದ ‘ಹೊಂಟೇನ್ರಿ’ಯನ್ನೋ ಮೈಸೂರು ಕಡೆಯ ‘ಹೊರ್ಟೆ ಕಣೋ’ವನ್ನೋ ಕಿರಿದಾದ ಬಲೂನಿನಲ್ಲಿ ಕೂರಿಸಿ, ಅದರ ಕೆಳಗೆ ಎರಡು ಬೆರಳಗಲ ಖಾಲಿ ಬಿಟ್ಟು ಆಮೇಲೆ ಉತ್ತರ ಬರುವಂತೆ ಮಾಡಲು ಕಾಗದದ ಅಳತೆಯನ್ನು ಕೇಳಬೇಕಾದ ಅಗತ್ಯ ಈಗಿಲ್ಲ. ಹಾಗೆ ಮಾಡುವವರು ಬಲೂನನ್ನು ಮೊದಲು ಬರೆದು, ಚಿತ್ರವನ್ನು ಅದರ ಸುತ್ತ ಹೊಂದಿಸಿಕೊಳ್ಳಲಿ. ಈಗ ನಮ್ಮಲ್ಲಿ ಬಹಳಷ್ಟು ಜನ ಮಾಡುವುದು ಇದರ ಉಲ್ಟಾ, ಅಕ್ಷರ ಇರುವೆಯಾಗುವುದೂ ಅಲ್ಲೇ.